ಟರ್ಮಿನಲ್ ಸಲಕರಣೆ: ಮುಕ್ತವೋ, ಸ್ವಾಮ್ಯದ್ದೋ?



ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿಗಾಗಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಗಾಗಲಿ ಗಣಕ ವಿಜ್ಞಾನ ಓದಲು ಸೇರಿದವರು ಇಂದಲ್ಲ ನಾಳೆ ಒಂದು ಕಪ್ಪು ಪರದೆಯ ಮುಂದೆ ಕೂರಲೇಬೇಕು. ಅಲ್ಲಿ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಒಂದು ಗೆರೆ ಮಾತ್ರ ಮಿನುಗುತ್ತಿರುತ್ತದೆ. ನೀವು ಆದೇಶವನ್ನು ಟೈಪ್ ಮಾಡಬೇಕು, ಗಣಕ ಉತ್ತರಿಸಬೇಕು. ಈ ಪರದೆಯೇ ಟರ್ಮಿನಲ್. ಆದೇಶವನ್ನು ಓದಿ ನಡೆಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಔರಾದಿನಲ್ಲಿ ಇನ್ನೂ ಶಾಲೆಗೆ ಹೋಗುತ್ತಿರುವವರೂ ಮನೆಯಲ್ಲಿ ಹಳೆಯದೊಂದು ಗಣಕವಿದ್ದರೆ ಇದನ್ನು ಕಲಿಯಬಹುದು.

ಈ ಕೆಲಸಕ್ಕೆ ಹತ್ತಾರು ಸಲಕರಣೆಗಳಿವೆ. ಕೆಲವು ಮುಕ್ತ ತಂತ್ರಾಂಶಗಳು, ಕೆಲವು ಕಂಪನಿಗಳ ಸ್ವಾಮ್ಯಕ್ಕೆ ಸೇರಿದವು. ಮುಕ್ತ ಎಂದರೆ ಪುಕ್ಕಟೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಪುಕ್ಕಟೆ ಸಿಗುವ ಸ್ವಾಮ್ಯದ ತಂತ್ರಾಂಶಗಳೂ ಬೇಕಾದಷ್ಟಿವೆ. ಹೊಲದ ಪಂಪಿನ ಮೋಟಾರು ಸುಟ್ಟರೆ ಪೇಟೆಯ ಮೆಕ್ಯಾನಿಕ್ ಅದನ್ನು ಬಿಚ್ಚಿ ತಂತಿ ಸುತ್ತಿ ಕೊಡುತ್ತಾನಲ್ಲವೇ? ಹಾಗೆ ಬಿಚ್ಚಿ ನೋಡಲು, ತಿದ್ದಲು, ತಿದ್ದಿದ್ದನ್ನು ಇತರರಿಗೆ ಕೊಡಲು ಪರವಾನಗಿಯೇ ಹಕ್ಕು ನೀಡಿದ್ದರೆ ಅದು ಮುಕ್ತ ತಂತ್ರಾಂಶ. ಮೂಲ ಸಂಕೇತವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿದ್ದರೆ ರಿಪೇರಿಗೆ ಅದರ ಬಾಗಿಲಿಗೇ ಹೋಗಬೇಕು.

ಬ್ಯಾಷ್ ಎಂಬ ಶೆಲ್ಲನ್ನೇ ನೋಡಿ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಇದನ್ನು ಬರೆದರು. ಅದು ಹೊರಬಂದದ್ದು 1989ರಲ್ಲಿ. ಇಂದಿಗೂ ಹೆಚ್ಚಿನ ಲಿನಕ್ಸ್ ಗಣಕಗಳಲ್ಲಿ ಮೊದಲು ಎದುರಾಗುವುದು ಇದೇ. ವಿಂಡೋಸ್‌ನಿಂದ ದೂರದ ಗಣಕವನ್ನು ಸಂಪರ್ಕಿಸಲು ಬಳಸುವ ಪುಟ್ಟಿ, ಸೈಮನ್ ಟ್ಯಾಥಮ್ ಆರಂಭಿಸಿದ ಮುಕ್ತ ತಂತ್ರಾಂಶ. ಸ್ವಾಮ್ಯದ ತಂತ್ರಾಂಶಕ್ಕೆ ಹೆಸರಾದ ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ವಿಂಡೋಸ್ ಟರ್ಮಿನಲ್ಲನ್ನು ಮುಕ್ತವಾಗಿಯೇ ಹೊರತಂದಿತು.

ಮುಕ್ತವಾದುದೆಲ್ಲ ದೋಷರಹಿತ ಎಂದು ಭಾವಿಸಬೇಡಿ. 2014ರಲ್ಲಿ ಬ್ಯಾಷ್‌ನಲ್ಲಿ ‘ಶೆಲ್‌ಶಾಕ್’ ಎಂಬ ದೊಡ್ಡ ಬಿರುಕು ಕಂಡುಬಂತು. ಹೊರಗಿನವರು ಅದರ ಮೂಲಕ ಗಣಕದೊಳಗೆ ನುಗ್ಗಬಹುದಿತ್ತು. ಆ ದೋಷ 1989ರಿಂದಲೂ ಎಲ್ಲರ ಕಣ್ಣೆದುರೇ ಇತ್ತು! ಓದುವ ಹಕ್ಕು ಎಲ್ಲರಿಗೂ ಇದ್ದರೂ ಯಾರೂ ಗಮನವಿಟ್ಟು ಓದಿರಲಿಲ್ಲ. ಇತ್ತ ಸ್ವಾಮ್ಯದ ಸಲಕರಣೆಗಳಲ್ಲಿಯೂ ಗುಣಗಳಿವೆ. ಸೆಕ್ಯೂರ್‌ಸಿಆರ್‌ಟಿಯಂಥವು ಅಚ್ಚುಕಟ್ಟಾಗಿವೆ, ತೊಂದರೆಯಾದರೆ ಕೇಳಲು ಒಬ್ಬರಿರುತ್ತಾರೆ. ಸಂಬಳ ಕೊಡುವ ಕಂಪನಿ ಅದನ್ನು ಕೊಂಡುಕೊಟ್ಟರೆ ಬಳಸಲು ಸಂಕೋಚ ಬೇಡ.

ನಿಮ್ಮ ಪರಿಸ್ಥಿತಿ ಮಾತ್ರ ಬೇರೆ. ವಿದ್ಯಾರ್ಥಿಗಳಿಗೆಂದು ಉಚಿತವಾಗಿ ಕೊಡುವ ಪರವಾನಗಿ ಓದು ಮುಗಿದೊಡನೆ ಮುಗಿಯುತ್ತದೆ. ಕೆಲಸ ಹುಡುಕುತ್ತಿರುವ, ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲೇ ಬೆರಳಿಗೆ ರೂಢಿಯಾದ ಸಲಕರಣೆ ಹಣ ಕೇಳುತ್ತದೆ. ಕೆಲವು ಹೊಸ ಸಲಕರಣೆಗಳು ಮೊದಲು ಖಾತೆ ತೆರೆಯಿರಿ ಎನ್ನುತ್ತವೆ. ಕೃತಕ ಬುದ್ಧಿಮತ್ತೆಯ ನೆರವಿನ ಹೆಸರಿನಲ್ಲಿ ನೀವು ಟೈಪ್ ಮಾಡಿದ್ದನ್ನು ಕಂಪನಿಯ ಗಣಕಕ್ಕೆ ಕಳುಹಿಸುವವೂ ಇವೆ. ಗುಪ್ತಪದವನ್ನು ಟೈಪ್ ಮಾಡುವ ಜಾಗ ಅದು ಎಂಬುದು ನೆನಪಿರಲಿ. ಆದುದರಿಂದ ನನ್ನ ಸಲಹೆ ಇಷ್ಟು: ಕಲಿಯುವುದನ್ನು ಬ್ಯಾಷ್‌ನಂಥ ಮುಕ್ತ ಸಲಕರಣೆಯಲ್ಲೇ ಕಲಿಯಿರಿ. ಬರೆದ ಆದೇಶಗಳನ್ನು ಸಾಧಾರಣ ಪಠ್ಯ ಕಡತಗಳಲ್ಲಿ ಇಡಿ. ಆಮೇಲೆ ಯಾವ ಟರ್ಮಿನಲ್ಲಿಗೆ ಬೇಕಾದರೂ ಹೋಗಬಹುದು, ಹಿಂದಕ್ಕೂ ಬರಬಹುದು.

ಇನ್ನೊಂದು ಕಾರಣವೂ ಇದೆ. ಅದು ನಮ್ಮ ಲಿಪಿ. ಟರ್ಮಿನಲ್ ತನ್ನ ಪರದೆಯನ್ನು ಗ್ರಾಫ್ ಹಾಳೆಯಂತೆ ಸಮಾನ ಚೌಕಗಳಾಗಿ ವಿಂಗಡಿಸುತ್ತದೆ. ಚೌಕಕ್ಕೊಂದು ಅಕ್ಷರವೆಂಬ ಲೆಕ್ಕ ಇಂಗ್ಲಿಷಿಗೆ ಸರಿ. ‘ಭಾಲ್ಕಿ’ ಎಂದು ಟೈಪ್ ಮಾಡಿ ನೋಡಿ. ಕಣ್ಣಿಗೆ ಎರಡೇ ಅಕ್ಷರ: ಭಾ, ಲ್ಕಿ. ಯುನಿಕೋಡ್ ಪ್ರಕಾರ ಗಣಕದೊಳಗೆ ಆರು ಸಂಕೇತಗಳು: ಭ, ಆಕಾರದ ಚಿಹ್ನೆ, ಲ, ವಿರಾಮ, ಕ, ಇಕಾರದ ಚಿಹ್ನೆ. ಇದಕ್ಕೆ ಎಷ್ಟು ಚೌಕ ಕೊಡಬೇಕು? ಟರ್ಮಿನಲ್ ಒಂದು ಲೆಕ್ಕ ಹಾಕಿ, ಒಳಗೆ ನಡೆಯುತ್ತಿರುವ ತಂತ್ರಾಂಶ ಇನ್ನೊಂದು ಲೆಕ್ಕ ಹಾಕಿದರೆ ಒತ್ತಕ್ಷರ ಒಡೆಯುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಭಾಲ್ಕಿ, ಔರಾದಿನ ಮನೆಗಳಲ್ಲಿ ಮಾತನಾಡುವ ಮರಾಠಿಗೂ, ಪಕ್ಕದ ತೆಲುಗಿಗೂ ಇದೇ ಪಾಡು. ಬಲದಿಂದ ಎಡಕ್ಕೆ ಬರೆಯುವ ಉರ್ದುವಿನದು ಬೇರೆಯೇ ಕಥೆ.

ಮುಕ್ತ ಸಲಕರಣೆಗಳೆಲ್ಲ ಇದನ್ನು ಸರಿಯಾಗಿ ನಿಭಾಯಿಸುತ್ತವೆ ಎಂದಲ್ಲ, ಹಲವು ಎಡವುತ್ತವೆ. ಆದರೆ ಕನ್ನಡದ ಗಿರಾಕಿಗಳು ಎಷ್ಟು ಮಂದಿ ಎಂದು ಎಣಿಸಿ ನೋಡುವ ಕಂಪನಿಗೆ ಕಾಯಬೇಕಾಗಿಲ್ಲ. ಗ್ನೋಮ್‌ನ ಟರ್ಮಿನಲ್, ಕೆಡಿಇಯ ಕನ್ಸೋಲ್ ಇವುಗಳ ಮೂಲ ಸಂಕೇತ ಯಾರಿಗೂ ಸಿಗುತ್ತದೆ. ದೋಷಗಳನ್ನು ದಾಖಲಿಸುವ ಪಟ್ಟಿಯೂ ಸಾರ್ವಜನಿಕವೇ.

ಈ ವಾರ ನಿಮ್ಮ ಊರಿನ ಹೆಸರನ್ನು ಎರಡು ಮೂರು ಟರ್ಮಿನಲ್ಲುಗಳಲ್ಲಿ ಟೈಪ್ ಮಾಡಿ. ಎಡಬಾಣದ ಕೀಲಿ ಒತ್ತುತ್ತಾ ಹಿಂದಕ್ಕೆ ಬನ್ನಿ, ಒಂದು ಅಕ್ಷರ ಅಳಿಸಿ. ತಪ್ಪು ಕಂಡರೆ ಪರದೆಯ ಚಿತ್ರ ತೆಗೆದು, ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನೂ ಆಗಬೇಕಿದ್ದುದು ಏನೆಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆದು ಆ ಪಟ್ಟಿಗೆ ಸೇರಿಸಿ. ‘ಲ್ಕಿ’ ಎಂಬುದು ಒಂದೇ ಅಕ್ಷರವೆಂದು ಅದನ್ನು ತಯಾರಿಸಿದವರಿಗೆ ಗೊತ್ತಿಲ್ಲದೆ ಇರಬಹುದು.