ಅಲ್ಪವಿರಾಮ ಅಲ್ಪವಲ್ಲ!

ಇಂಗ್ಲಿಷ್ ಬರೆಯುವಾಗ ನಮ್ಮ ವಿದ್ಯಾರ್ಥಿಗಳು ಸ್ಪೆಲಿಂಗಿಗೆ ಕೊಡುವ ಗಮನವನ್ನು ಕಾಮಾಗಳಿಗೆ ಕೊಡುವುದಿಲ್ಲ. ‘ಉಸಿರು ತೆಗೆದುಕೊಳ್ಳುವ ಕಡೆ ಒಂದು ಕಾಮಾ ಹಾಕು’ ಎಂಬ ಸಲಹೆ ಮನೆಯಲ್ಲೂ ಶಾಲೆಯಲ್ಲೂ ರೂಢಿಯಲ್ಲಿದೆ. ಗಟ್ಟಿಯಾಗಿ ಓದುವವರಿಗೆ ಈ ಮಾತು ಸರಿ, ಬರೆಯುವವರಿಗೆ ಸಾಲದು. ಕಾಮಾ ಉಸಿರಿನ ಗುರುತಲ್ಲ, ಅರ್ಥದ ಗುರುತು.

ಐವತ್ತು ಲಕ್ಷ ಡಾಲರ್ ಬೆಲೆ

ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿ ಎಂಬ ಹಾಲಿನ ಕಂಪನಿಯಿದೆ. ಹೆಚ್ಚುವರಿ ದುಡಿಮೆಗೆ ಓವರ್‌ಟೈಮ್ ಭತ್ಯೆ ಕೊಡಬೇಕೆಂದು ಅದರ ಲಾರಿ ಚಾಲಕರು ದಾವೆ ಹೂಡಿದರು. ಭತ್ಯೆ ಅನ್ವಯಿಸದ ಕೆಲಸಗಳ ಪಟ್ಟಿ ಆ ರಾಜ್ಯದ ಕಾನೂನಿನಲ್ಲಿತ್ತು. ಪಟ್ಟಿಯ ಕೊನೆಯ ಮಾತುಗಳು ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’. ‘ಆರ್’ ಪದದ ಹಿಂದೆ ಕಾಮಾ ಇರಲಿಲ್ಲ. ಹೀಗಾಗಿ ಎರಡು ಅರ್ಥ ಹುಟ್ಟಿತು. ಪಟ್ಟಿಯಲ್ಲಿರುವುದು ಪ್ಯಾಕಿಂಗ್ ಮತ್ತು ವಿತರಣೆ ಎಂಬ ಎರಡು ಕೆಲಸಗಳೋ ಅಥವಾ ವಿತರಣೆಗಾಗಿ ಮಾಡುವ ಪ್ಯಾಕಿಂಗ್ ಮಾತ್ರವೋ? ಚಾಲಕರು ಪ್ಯಾಕಿಂಗ್ ಮಾಡುತ್ತಿರಲಿಲ್ಲ, ವಿತರಣೆ ಮಾಡುತ್ತಿದ್ದರು. ಕಾನೂನು ಅಸ್ಪಷ್ಟವಾಗಿದೆ ಎಂದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಚಾಲಕರ ಪರ ನಿಂತಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರಿಗೆ ರಾಜಿಯಾಯಿತು.

ನಮಗೇಕೆ ಕಷ್ಟ?

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಗಳ ಸಂಬಂಧವನ್ನು ತಿಳಿಸಿಬಿಡುತ್ತವೆ. ‘ರವಿಯನ್ನು ಕಾಡಿಸಬೇಡ’ ಎಂಬುದಕ್ಕೂ ‘ರವೀ, ಕಾಡಿಸಬೇಡ’ ಎಂಬುದಕ್ಕೂ ಇರುವ ವ್ಯತ್ಯಾಸ ಕಾಮಾ ತೆಗೆದರೂ ಉಳಿಯುತ್ತದೆ. ಇಂಗ್ಲಿಷಿನ ನಾಮಪದಗಳಿಗೆ ಈ ಅನುಕೂಲವಿಲ್ಲ. ‘ಡೋಂಟ್ ಟೀಸ್ ರವಿ’ ಎಂದರೆ ರವಿಯನ್ನು ಕಾಡಿಸಬೇಡ. ‘ಡೋಂಟ್ ಟೀಸ್, ರವಿ’ ಎಂದರೆ ರವೀ, ಕಾಡಿಸಬೇಡ. ನಮ್ಮಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಕಾಮಾ ಮಾಡುತ್ತದೆ. ಆದ್ದರಿಂದ ಕನ್ನಡದ ಕಿವಿಯನ್ನೇ ನಂಬಿ ಇಂಗ್ಲಿಷಿನಲ್ಲಿ ಕಾಮಾ ಹಾಕಹೊರಟರೆ ಎಡವುತ್ತೇವೆ.

ನೆನಪಿಡಬೇಕಾದ ನಾಲ್ಕು ಮಾತು

1. ಕರ್ತೃ ಮತ್ತು ಕ್ರಿಯಾಪದಗಳ ನಡುವೆ ಒಂಟಿ ಕಾಮಾ ಬೇಡ. ‘ದ ಪ್ಲಾನೆಟ್ ನಿಯರೆಸ್ಟ್ ಟು ದ ಸನ್, ಈಸ್ ಮರ್ಕ್ಯುರಿ’ ಎಂಬುದು ತಪ್ಪು. ಓದುವಾಗ ‘ಸನ್’ ಬಳಿ ನಿಲ್ಲುತ್ತೇವೆ, ನಿಜ. ಆದರೆ ಅಲ್ಲಿ ಕಾಮಾಕ್ಕೆ ಕೆಲಸವಿಲ್ಲ.

2. ಎರಡು ಪೂರ್ಣ ವಾಕ್ಯಗಳನ್ನು ಕಾಮಾ ಒಂದೇ ಹಿಡಿದಿಡಲಾರದು. ‘ಹೈಡ್ರೋಜನ್ ಈಸ್ ಲೈಟರ್ ದ್ಯಾನ್ ಏರ್, ಇಟ್ ರೈಸಸ್’ ಎಂದು ಬರೆಯುವವರು ಬಹಳ. ನಡುವೆ ಪೂರ್ಣವಿರಾಮ ಹಾಕಿ. ಇಲ್ಲವೇ ಕಾಮಾದ ನಂತರ ‘ಸೋ’ ಸೇರಿಸಿ.

3. ‘ವೆನ್’, ‘ಇಫ್’, ‘ವೈಲ್’ ಮುಂತಾದವುಗಳಿಂದ ಆರಂಭವಾಗುವ ಉಪವಾಕ್ಯ ಮೊದಲು ಬಂದರೆ, ಅದು ಮುಗಿದೊಡನೆ ಕಾಮಾ ಹಾಕಿ. ‘ವೈಲ್ ದ ವಾಟರ್ ಬಾಯ್ಲ್ಡ್ ದ ಎಗ್ ಕ್ರ್ಯಾಕ್ಡ್’ ಎಂದು ಬರೆದರೆ, ನೀರು ಮೊಟ್ಟೆಯನ್ನು ಬೇಯಿಸಿತೆಂದು ಓದುಗ ಮೊದಲು ತಿಳಿಯುತ್ತಾನೆ. ಕೊನೆಗೆ ತಬ್ಬಿಬ್ಬಾಗಿ ಮತ್ತೆ ಹಿಂದಕ್ಕೆ ಬರುತ್ತಾನೆ. ‘ಬಾಯ್ಲ್ಡ್’ ಆದ ಮೇಲೆ ಕಾಮಾ ಇದ್ದರೆ ಈ ತೊಡಕಿಲ್ಲ.

4. ಇದು ಎಲ್ಲಕ್ಕಿಂತ ಸೂಕ್ಷ್ಮ. ಪ್ರಯೋಗಾಲಯದ ಬಾಗಿಲಿಗೆ ಒಂದು ನೋಟೀಸು ಅಂಟಿಸಿದೆ ಎಂದುಕೊಳ್ಳಿ: ‘ದ ಸ್ಟೂಡೆಂಟ್ಸ್ ಹೂ ಬ್ರೋಕ್ ದ ಬೀಕರ್ಸ್ ವಿಲ್ ಪೇ ದ ಫೈನ್’. ಇದರಂತೆ ಬೀಕರ್ ಒಡೆದವರು ಮಾತ್ರ ದಂಡ ಕಟ್ಟಬೇಕು. ‘ಸ್ಟೂಡೆಂಟ್ಸ್’ ಮತ್ತು ‘ಬೀಕರ್ಸ್’ ಪದಗಳ ನಂತರ ಒಂದೊಂದು ಕಾಮಾ ಹಾಕಿ ನೋಡಿ. ಒಡೆದವರು ಆ ವಿದ್ಯಾರ್ಥಿಗಳೆಲ್ಲರೂ, ಕಟ್ಟಬೇಕಾದವರೂ ಎಲ್ಲರೂ ಎಂದಾಗುತ್ತದೆ! ಜೋಡಿ ಕಾಮಾಗಳ ನಡುವಿನ ಮಾತು ಹೆಚ್ಚಿನ ಮಾಹಿತಿ ಮಾತ್ರ. ಯಾರು ಎಂದು ಗುರುತಿಸುವ ಮಾತಿಗೆ ಕಾಮಾ ಕೂಡದು.

ಅಂಕಿಗಳಲ್ಲೂ ಎಚ್ಚರ

ಹತ್ತು ಲಕ್ಷವನ್ನು ನಾವು 10,00,000 ಎಂದೂ ಇಂಗ್ಲೆಂಡ್, ಅಮೆರಿಕದವರು 1,000,000 ಎಂದೂ ಬರೆಯುತ್ತಾರೆ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಕಾಮಾ ದಶಮಾಂಶದ ಗುರುತು. ಅಲ್ಲಿ 3,14 ಎಂದರೆ ನಮ್ಮ 3.14. ಮುಂದೆ ವಿದೇಶಿ ಪುಸ್ತಕ, ಉಪಕರಣಗಳನ್ನು ಬಳಸುವವರು ಇದನ್ನು ತಿಳಿದಿರಬೇಕು.

ಪಾಲಕರಿಗೆ ಒಂದು ಮಾತು

ಮಕ್ಕಳಿಗೆ ಕಾಮಾ ಕಲಿಸಲು ಟ್ಯೂಷನ್ ಬೇಕಿಲ್ಲ. ನಿಮಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಚಿಂತೆಯಿಲ್ಲ. ಭಾನುವಾರ ಇಂಗ್ಲಿಷ್ ಪತ್ರಿಕೆಯ ಹತ್ತು ಸಾಲುಗಳನ್ನು ಮಗು ಕಾಮಾ ಬಿಟ್ಟು ನೋಟ್‌ಬುಕ್ಕಿಗೆ ಇಳಿಸಲಿ. ಪತ್ರಿಕೆಯನ್ನು ನೀವು ತೆಗೆದಿಡಿ. ಮರುದಿನ ಮಗು ತಾನೇ ಕಾಮಾ ಹಾಕಿ, ಮೂಲದೊಂದಿಗೆ ಹೋಲಿಸಲಿ. ಹೊಂದಿಕೆಯಾಗದ ಕಡೆಗಳಲ್ಲಿ ‘ಈ ಕಾಮಾ ಇಲ್ಲಿ ಏನು ಕೆಲಸ ಮಾಡುತ್ತಿದೆ?’ ಎಂದು ಕೇಳಿ. ಉತ್ತರ ಹೊಳೆಯದಿದ್ದರೆ ಅದನ್ನು ಗುರುತು ಹಾಕಿಕೊಂಡು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರನ್ನು ಕೇಳಲಿ. ಅಂಥ ಪ್ರಶ್ನೆ ಹಿಡಿದು ಬರುವ ವಿದ್ಯಾರ್ಥಿಯನ್ನು ಕಂಡರೆ ಯಾವ ಮೇಷ್ಟ್ರಿಗೂ ಸಂತೋಷವೇ.