ಕಾರಿನ ಬಣ್ಣಕ್ಕೆ ಸಿರಾಮಿಕ್ ಲೇಪ ಬೇಕೇ?

ಹೊಸ ಕಾರು ಕೊಂಡ ಸದಸ್ಯ ಬಾಂಧವರು ಹಲವರು ಈ ಪ್ರಶ್ನೆ ಕೇಳುತ್ತಾರೆ. ಹೋದ ಬೇಸಿಗೆಯಲ್ಲಿ ಜಮಖಂಡಿ ಹತ್ತಿರದ ಹುನ್ನೂರಿನ ಬೀಗರ ಮನೆಗೆ ಹೋದಾಗ ನಮಗೆ ಅರ್ಧ ಉತ್ತರ ಸಿಕ್ಕಿತು. ಅವರ ಕಾರಿಗೆ ಲೇಪ ಹಾಕಿಸಿ ವರ್ಷ ತುಂಬಿರಲಿಲ್ಲ. ಎರೆಮಣ್ಣಿನ ಧೂಳು ಕೂತ ಮೈಯನ್ನು ಹುಡುಗ ಒಣ ಬಟ್ಟೆಯಿಂದ ಒರೆಸುತ್ತಿದ್ದ. ಬಿಸಿಲಿನಲ್ಲಿ ನೋಡಿದರೆ ಸುತ್ತು ಸುತ್ತು ಗೀರು. ಕೊಳವೆಬಾವಿಯ ಗಡಸು ನೀರು ಒಣಗಿದ ಬಿಳಿ ಚುಕ್ಕೆ ಬೇರೆ.

ಈ ಲೇಪ ಮುಖ್ಯವಾಗಿ ಸಿಲಿಕಾ ಆಧಾರಿತ ದ್ರವ. ಒಣಗಿ ಉಳಿಯುವ ಪದರ ಕೂದಲೆಳೆಗಿಂತ ಬಹಳ ತೆಳು. ನೀರು ಜಾರುತ್ತದೆ, ನಮ್ಮ ತೋಟದ ಕೆಸರು ಬೇಗ ಬಿಡುತ್ತದೆ. ಇಷ್ಟು ನಿಜ. ಆದರೆ ಮುಂದಿನ ಕಬ್ಬಿನ ಟ್ರ್ಯಾಕ್ಟರಿನಿಂದ ಸಿಡಿಯುವ ಕಲ್ಲನ್ನು ಅದು ತಡೆಯದು. ಹಕ್ಕಿಯ ಹಿಕ್ಕೆಯನ್ನು ಲೇಪವಿದ್ದರೂ ಕೂಡಲೇ ತೊಳೆಯಬೇಕು.

ಲೇಪಕ್ಕೆ ಮುನ್ನ ಗೀರು ತೆಗೆಯಲು ಪಾಲಿಶ್ ಮಾಡುತ್ತಾರೆ. ಖರ್ಚಿನ ದೊಡ್ಡ ಪಾಲು ಈ ಕೆಲಸದ್ದು. ಕಣ್ಣು ಕುಕ್ಕುವ ಹೊಳಪೂ ಬಹುಪಾಲು ಇದರದೇ. ಪ್ರತಿ ಪಾಲಿಶಿಗೂ ಬಣ್ಣದ ಮೇಲಿನ ಪಾರದರ್ಶಕ ಪದರ ಸ್ವಲ್ಪ ಸವೆಯುತ್ತದೆ. ಇದನ್ನು ಕೇಳದೆ ಯಾರೂ ಹೇಳುವುದಿಲ್ಲ!

ಕಾರನ್ನು ಬಹುಕಾಲ ಇಟ್ಟುಕೊಂಡು, ನೆರಳಿನಲ್ಲಿ ನಿಲ್ಲಿಸಿ, ಕೈಯಾರೆ ತೊಳೆಯುವವರು ಹಾಕಿಸಲಿ. ಉಳಿದವರಿಗೆ ವರ್ಷಕ್ಕೆ ಎರಡು ಮೂರು ಸಲ ವ್ಯಾಕ್ಸ್, ಧಾರಾಳ ನೀರು, ಮೃದು ಬಟ್ಟೆ ಸಾಕೆಂದು ನಮ್ಮ ಅಭಿಪ್ರಾಯ. ಬೀಗರಿಗೂ ಇದನ್ನೇ ಹೇಳಿ ಬಂದೆವು. ಅದಕ್ಕೂ ಮೊದಲು ಆ ಹುಡುಗನಿಗೆ ಹೇಳಿದೆವು.