ಪರಾತದಿಂದ ಕೆರೆಗೆ: ಪುಟ್ಟ ಆಗಬೋಟು ಕಟ್ಟುವ ಬಗೆ

ನೀರು ಕಾಯಿಸಿ, ಆ ಉಗಿಯ ಬಲದಿಂದಲೇ ನೀರಿನ ಮೇಲೆ ಸಾಗುವ ದೋಣಿಗೆ ಮರಾಠಿ ನೆರೆಯ ಕನ್ನಡದಲ್ಲಿ ಆಗಬೋಟು ಎಂಬ ಹಳೆಯ ಹೆಸರಿದೆ. ಆಗ್ ಎಂದರೆ ಬೆಂಕಿ ಎಂದು ಬೀದರ್, ಭಾಲ್ಕಿ, ಔರಾದ್ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಗೈ ಅಗಲದ ಆಗಬೋಟೊಂದನ್ನು ಚಿಂತಾಕಿಯಂಥ ಊರಿನ ಮನೆಯಂಗಳದಲ್ಲಿ ಒಂದೇ ಭಾನುವಾರ ಕಟ್ಟಿ, ಹಿಟ್ಟು ನಾದುವ ಪರಾತದಲ್ಲಿ ನೀರು ತುಂಬಿ ಓಡಿಸಬಹುದು. ಬಾಯ್ಲರು, ಎಂಜಿನು, ಪಂಖ ಇರುವ ಮೊಳದುದ್ದದ ದೋಣಿಗೆ ತಿಂಗಳುಗಟ್ಟಲೆ ಬಿಡುವು ಬೇಕು. ಮೊದಲು ಚಿಕ್ಕದು, ಆಮೇಲೆ ದೊಡ್ಡದು. ಈ ಕ್ರಮ ತಪ್ಪಿಸಿದವರ ಬಾಯ್ಲರು ಅರ್ಧಕ್ಕೇ ಅಟ್ಟ ಸೇರುವುದೇ ಹೆಚ್ಚು.

ಭಾರತಕ್ಕೆ ಉಗಿದೋಣಿ ಬಂದದ್ದೂ ಮೋಜಿನ ವಸ್ತುವಾಗಿಯೇ. 1819ರಲ್ಲಿ ಲಖನೌದ ನವಾಬ ಗಾಜಿಉದ್ದೀನ್ ಹೈದರನಿಗಾಗಿ ಗೋಮತಿ ನದಿಯಲ್ಲಿ ವಿಹಾರದ ಉಗಿದೋಣಿಯೊಂದು ಸಿದ್ಧವಾಯಿತು. 1823ರಲ್ಲಿ ಕೋಲ್ಕತ್ತದ ಕಿದ್ದರ್‌ಪುರದಲ್ಲಿ ‘ಡಯಾನಾ’ ನೀರಿಗಿಳಿದು, ಮರುವರ್ಷ ಬರ್ಮಾ ಯುದ್ಧಕ್ಕೆ ಹೋಯಿತು. ಮುಂದೆ ಎಂಜಿನಿಯರ್ ಆರ್ಥರ್ ಕಾಟನ್ ಗೋದಾವರಿಯ ಮೇಲ್ದಂಡೆಯವರೆಗೂ ಉಗಿದೋಣಿ ಓಡಿಸುವ ಯೋಜನೆಯನ್ನು ಕೈಗೆತ್ತಿಕೊಂಡ. ಬೀದರ್ ಜಿಲ್ಲೆಯ ಮಾಂಜ್ರಾ ಕಂದಕುರ್ತಿಯಲ್ಲಿ ಹೋಗಿ ಸೇರುವುದು ಅದೇ ಗೋದಾವರಿಯನ್ನು.

ಚಿಕ್ಕ ದೋಣಿಯೆಂದರೆ ಜಾತ್ರೆಯ ಅಂಗಡಿ ಸಾಲಿನಲ್ಲಿ ಸಿಗುವ ತಗಡಿನ ಪಟಪಟ ದೋಣಿ. 1891ರಲ್ಲಿ ತೋಮಾ ಪಿಯೊ ಎಂಬಾತ ಇಂಥದೊಂದು ದೋಣಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಅಂಗಡಿಯ ದೋಣಿಯಲ್ಲಿ ತೆಳು ತಗಡಿನ ಡಬ್ಬಿಯೊಂದಿದ್ದು, ಅದು ಉಬ್ಬಿ ತಗ್ಗುವಾಗ ಪಟಪಟ ಸದ್ದು ಬರುತ್ತದೆ. ಮನೆಯಲ್ಲಿ ಮಾಡಲು ಡಬ್ಬಿಗಿಂತ ತಾಮ್ರದ ಸುರುಳಿಯೇ ಸುಲಭ. ಸದ್ದು ಕಡಿಮೆ, ಓಟಕ್ಕೆ ಕೊರತೆಯಿಲ್ಲ.

ಇದಕ್ಕೆ ಬೇಕಾದದ್ದು ಸುಮಾರು 3 ಮಿಲಿಮೀಟರ್ ದಪ್ಪದ, ಅರ್ಧ ಮೀಟರ್ ಉದ್ದದ ತಾಮ್ರದ ನಳಿಕೆ. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಕ್ಯಾಪಿಲರಿ ಪೈಪ್ ಕೊಡುವುದುಂಟು; ಅದರ ತೂತು ತೀರ ಸಣ್ಣದು, ಇದಕ್ಕೆ ಆಗದು. ಒಳತೂತು 2 ಮಿಲಿಮೀಟರ್ ಆದರೂ ಇರಬೇಕು. ನಳಿಕೆಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮೆತ್ತಗಾಗುತ್ತದೆ. ಹಾಗೇ ಬಗ್ಗಿಸಿದರೆ ಅದು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಒಣಗಿದ ಪುಡಿ ಉಪ್ಪನ್ನು ಒಳಗೆ ಒತ್ತಾಗಿ ತುಂಬಿ, ಎರಡೂ ಬಾಯಿ ಮುಚ್ಚಿ, ಪೆನ್ನಿನಷ್ಟು ದಪ್ಪದ ಕಡ್ಡಿಗೆ ಎರಡು ಮೂರು ಸುತ್ತು ಸುತ್ತಬೇಕು. ಮರಳಿಗಿಂತ ಉಪ್ಪು ಒಳ್ಳೆಯದು. ಕೆಲಸ ಮುಗಿದ ಮೇಲೆ ನೀರು ಹಾಯಿಸಿದರೆ ಕರಗಿ ಹೊರಟುಹೋಗುತ್ತದೆ.

ಸುರುಳಿಯ ಎರಡು ತುದಿಗಳು ಜೋಡಿಯಾಗಿ ಕೆಳಗಿಳಿದು, ದೋಣಿಯ ತಳದಿಂದ ಹೊರಬಂದು, ನೀರಿನೊಳಗೆ ನೇರ ಹಿಂದಕ್ಕೆ ಮುಖಮಾಡಿರಬೇಕು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಡಚಿದರೆ ದೋಣಿಯ ಮೈ ಸಿದ್ಧ. ತೂತಿನ ಸಂದಿಗೆ ಎಂ-ಸೀಲ್ ಸಾಕು. ಸೂಜಿ ತೆಗೆದ ಸಿರಿಂಜಿನಿಂದ ಒಂದು ತುದಿಗೆ ನೀರು ಒತ್ತಿ, ಇನ್ನೊಂದು ತುದಿಯಲ್ಲಿ ಗುಳ್ಳೆಯಿಲ್ಲದೆ ನೀರು ಬರುವ ತನಕ ತುಂಬಬೇಕು. ಬೆರಳಿನಿಂದ ಬಾಯಿ ಮುಚ್ಚಿ ದೋಣಿಯನ್ನು ಪರಾತಕ್ಕೆ ಇಳಿಸಿ, ಸುರುಳಿಯ ಕೆಳಗೆ ಮೇಣದಬತ್ತಿಯ ತುಂಡು ಹಚ್ಚಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಹಿಂದಿನ ನೀರು ನಡುಗತೊಡಗುತ್ತದೆ. ದೋಣಿ ಮೆಲ್ಲಗೆ ಹೊರಡುತ್ತದೆ. ಮಕ್ಕಳಿಗಷ್ಟೇ ಅಲ್ಲ, ಕಟ್ಟಿದವರಿಗೂ ಆ ಗಳಿಗೆ ಹಬ್ಬವೇ.

ಒಳಗೆ ನಡೆಯುವುದು ಇಷ್ಟು: ಸುರುಳಿಯ ನೀರು ಉಗಿಯಾಗಿ ಹಿಗ್ಗಿ, ನಳಿಕೆಯ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹಿಗ್ಗಿದ ಉಗಿ ನಳಿಕೆಯ ತಣ್ಣನೆಯ ಭಾಗ ಮುಟ್ಟಿ ಮತ್ತೆ ನೀರಾಗುತ್ತದೆ. ಆಗ ಒತ್ತಡ ಕುಸಿದು ಹೊರಗಿನ ನೀರು ಒಳಗೆ ನುಗ್ಗುತ್ತದೆ. ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಬಿಟ್ಟಷ್ಟೇ ನೀರನ್ನು ಹಿಂದಕ್ಕೆ ಹೀರಿದರೂ ದೋಣಿ ಮುಂದೆ ಹೋಗುವುದೇಕೆ? ಹೊರಹೋಗುವ ನೀರು ಒಂದೇ ದಿಕ್ಕಿಗೆ ಧಾರೆಯಾಗಿ ಚಿಮ್ಮುತ್ತದೆ, ಒಳಬರುವ ನೀರು ಬಾಯಿಯ ಸುತ್ತಮುತ್ತಲಿಂದ ಬರುತ್ತದೆ. ದೀಪವನ್ನು ಉಫ್ ಎಂದು ಊದಿ ಆರಿಸಬಹುದು, ಅಷ್ಟೇ ದೂರದಿಂದ ಉಸಿರೆಳೆದು ಆರಿಸಲಾಗದು. ಭೇದ ಇರುವುದು ಅಲ್ಲೇ. ದೋಣಿ ಮಿಸುಕದಿದ್ದರೆ ಮೊದಲು ಅನುಮಾನಿಸಬೇಕಾದದ್ದು ನಳಿಕೆಯೊಳಗಿನ ಗಾಳಿಯನ್ನು. ಪರಾತದ ನೀರು ಬಿಸಿಯೇರಿದ್ದರೂ ಓಟ ಕುಂದುತ್ತದೆ.

ಮುಂದಿನ ಮೆಟ್ಟಿಲು ನಿಜವಾದ ಎಂಜಿನು. ಹೊಸಬರಿಗೆ ಹೊಂದುವುದು ತೂಗುವ ಸಿಲಿಂಡರಿನ ಎಂಜಿನು. ಇದಕ್ಕೆ ಬೇರೆ ವಾಲ್ವ್ ಬೇಡ. ಪಿಸ್ಟನ್ನಿನ ಜೊತೆ ಸಿಲಿಂಡರೇ ಅತ್ತಿತ್ತ ತೂಗುತ್ತ, ತನ್ನ ತೂತನ್ನು ಒಮ್ಮೆ ಉಗಿ ಬರುವ ತೂತಿಗೆ, ಒಮ್ಮೆ ಉಗಿ ಬಿಡುವ ತೂತಿಗೆ ಹೊಂದಿಸಿಕೊಳ್ಳುತ್ತದೆ. 10 ಮಿಲಿಮೀಟರ್ ಒಳವ್ಯಾಸ, 15 ಮಿಲಿಮೀಟರ್ ಓಟದ ಹಿತ್ತಾಳೆ ಸಿಲಿಂಡರನ್ನು ಲೇಥ್ ಗೊತ್ತಿದ್ದವರು ಸುಲಭವಾಗಿ ಮಾಡಿಕೊಡುತ್ತಾರೆ. ಉಜ್ಜಿಕೊಳ್ಳುವ ಎರಡು ಮುಖಗಳನ್ನು ಗಾಜಿನ ಮೇಲಿಟ್ಟ ನುಣುಪು ಎಮರಿ ಕಾಗದದಲ್ಲಿ ತಿಕ್ಕಿ ಮಟ್ಟ ಮಾಡುವುದು ಮಾತ್ರ ಕಟ್ಟುವವರದೇ ಕೆಲಸ. ಎಂಜಿನಿನ ಜೀವ ಇರುವುದು ಅಲ್ಲಿ. ಉಗಿ ಕೊಡುವ ಮೊದಲು ಸೈಕಲ್ ಪಂಪಿನ ಗಾಳಿಯಿಂದ ತಿರುಗಿಸಿ ನೋಡಬೇಕು. ಗಾಳಿಗೆ ತಿರುಗದ ಎಂಜಿನು ಉಗಿಗೂ ತಿರುಗದು.

ಈ ಎಂಜಿನು ಒಂದು ಸುತ್ತಿಗೆ ಸುಮಾರು 1.2 ಘನ ಸೆಂಟಿಮೀಟರ್ ಉಗಿ ಕುಡಿಯುತ್ತದೆ. ನಿಮಿಷಕ್ಕೆ 600 ಸುತ್ತು ಎಂದರೆ ಕಾಗದದ ಲೆಕ್ಕಕ್ಕೆ 1 ಗ್ರಾಂ ಚಿಲ್ಲರೆ ನೀರು. ಸೋರಿಕೆ, ತಣ್ಣಗಾಗಿ ನೀರಾಗುವ ಉಗಿ ಎಲ್ಲ ಸೇರಿಸಿ ಮೂರ್ನಾಲ್ಕು ಪಟ್ಟು ಹಿಡಿಯುವುದು ಕ್ಷೇಮ. ಹಾಗಾಗಿ 300 ಮಿಲಿಲೀಟರಿನ ಬಾಯ್ಲರಿನಲ್ಲಿ ಅರ್ಧದಷ್ಟು ನೀರು ಖರ್ಚಾಗುವ ಹೊತ್ತಿಗೆ ಅರ್ಧ ಗಂಟೆಯ ಓಟ ಮುಗಿದಿರುತ್ತದೆ. ಮೊದಲ ದೋಣಿಗೆ ಅದಕ್ಕಿಂತ ದೊಡ್ಡ ಬಾಯ್ಲರು ಬೇಡ.

ಬಾಯ್ಲರಿನ ಮಾತನ್ನು ಅವಸರದಲ್ಲಿ ಮುಗಿಸುವಂತಿಲ್ಲ. ಒಂದು ಲೀಟರ್ ನೀರು ಬಯಲಲ್ಲಿ ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ಅಡುಗೆಮನೆಯ ಕುಕ್ಕರು ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚು, ಶಾಖ 120 ಡಿಗ್ರಿ. ಚಿಕ್ಕ ಬಾಯ್ಲರಿನ ಕೆಲಸ 2 ಕಿಲೋ ಒತ್ತಡದಲ್ಲಿ, ಅಂದರೆ 133 ಡಿಗ್ರಿಯ ಆಸುಪಾಸಿನಲ್ಲಿ. ರೇಡಿಯೊ ರಿಪೇರಿಯ ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗಲು ತೊಡಗುತ್ತದೆ. ನೀರು ಬತ್ತಿದ ಬಾಯ್ಲರು ಆ ಶಾಖ ಮುಟ್ಟುವುದಕ್ಕೆ ತಡವಾಗದು. ಆದ್ದರಿಂದ ಬಾಯ್ಲರಿಗೆ ಬೆಳ್ಳಿ ಬೆಸುಗೆಯೇ ಬೇಕು. ಅದು ಕರಗುವುದು 600 ಡಿಗ್ರಿಯ ಮೇಲೆ. ಕ್ಯಾಡ್ಮಿಯಂ ಬೆರೆಸದ ತಂತಿಯನ್ನೇ ಕೇಳಿ ತರಬೇಕು, ಕ್ಯಾಡ್ಮಿಯಂ ಹೊಗೆ ವಿಷ.

ಈ ಬೆಸುಗೆಯ ಕೈ ಊರಿಗೆ ಹೊಸತಲ್ಲ. ಬಿಳಿಗಾರ ಹಚ್ಚಿ ಚೂರು ಬೆಸುಗೆಯನ್ನು ಸಂದಿನೊಳಗೆ ಹರಿಸುವ ಅಕ್ಕಸಾಲಿಗರ ಬಳಿ ಒಂದು ದಿನ ಕುಳಿತರೆ, ಲೋಹ ಯಾವ ಬಣ್ಣಕ್ಕೆ ತಿರುಗಿದಾಗ ಬೆಸುಗೆ ಓಡುತ್ತದೆ ಎಂಬುದು ಕಣ್ಣಿಗೆ ಹತ್ತುತ್ತದೆ. ಬೀದರಿನ ಬಿದ್ರಿ ಕೆಲಸ ಜಗತ್ತಿಗೇ ಗೊತ್ತು, ಆದರೆ ಆ ಲೋಹ ಬಾಯ್ಲರಿಗೆ ಸಲ್ಲದು. ಅದರಲ್ಲಿ ಬಹುಪಾಲು ಸತು, ಸ್ವಲ್ಪವೇ ತಾಮ್ರ. ಸತು ಪೆಡಸು, 419 ಡಿಗ್ರಿಗೇ ಕರಗುವಂಥದು. ಹಿತ್ತಾಳೆಯಲ್ಲೂ ಸತುವಿದೆ. ಬಿಸಿನೀರು ಕಾಲಕ್ರಮೇಣ ಸತುವನ್ನು ತಿಂದು ಲೋಹವನ್ನು ಪೊಳ್ಳು ಮಾಡುವುದರಿಂದ ಬಾಯ್ಲರಿಗೆ ಕೂರಿಸುವ ತಿರುಪು ಬಾಯಿಗಳು ಕಂಚಿನವಾಗಿರಬೇಕು.

50 ಮಿಲಿಮೀಟರ್ ವ್ಯಾಸ, ಒಂದೂವರೆ ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆ 2 ಕಿಲೋ ಒತ್ತಡವನ್ನು ಧಾರಾಳವಾಗಿ ತಡೆಯುತ್ತದೆ. ಸೋಲುವುದು ಎರಡು ಕಡೆಯ ಚಪ್ಪಟೆ ಮುಚ್ಚಳ. ಅವನ್ನು ಒಳಗಿನಿಂದ ಸರಳೊಂದರಿಂದ ಬಿಗಿದು ಕಟ್ಟುವುದು ವಾಡಿಕೆ. ಸುರಕ್ಷಾ ವಾಲ್ವ್ ಇಲ್ಲದ ಬಾಯ್ಲರಿಗೆ ಬೆಂಕಿ ತೋರಿಸಲೇಬಾರದು. ಭಾರತದ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕ ಪಾತ್ರೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂದರೆ ಇದನ್ನು ನೋಡಲು ಇನ್‌ಸ್ಪೆಕ್ಟರು ಬರುವುದಿಲ್ಲ, ಪರೀಕ್ಷೆಯ ಹೊಣೆ ಕಟ್ಟಿದವರದೇ. ಬಾಯ್ಲರನ್ನು ತಣ್ಣೀರಿನಿಂದ ಅಂಚಿನವರೆಗೆ ತುಂಬಿ, ಪ್ಲಂಬರುಗಳು ಪೈಪ್ ಪರೀಕ್ಷಿಸುವ ಕೈಪಂಪಿನಿಂದ ಕೆಲಸದ ಒತ್ತಡದ ಇಮ್ಮಡಿ, ಅಂದರೆ 4 ಕಿಲೋವರೆಗೆ ಏರಿಸಿ ಕೆಲ ನಿಮಿಷ ಬಿಡಬೇಕು. ಒತ್ತಡಮಾಪಕದ ಮುಳ್ಳು ಇಳಿಯಬಾರದು, ಮುಚ್ಚಳ ಉಬ್ಬಬಾರದು. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲವಾದ್ದರಿಂದ ಸಂದು ಬಿಟ್ಟರೂ ಪಿಚಕಾರಿಯಷ್ಟೇ ಹಾರೀತು. ಇದೇ ಪರೀಕ್ಷೆಯನ್ನು ಗಾಳಿ ತುಂಬಿ ಮಾಡುವುದು ಪ್ರಾಣಕ್ಕೆ ಎರವು. ಧೈರ್ಯ ಸಾಲದವರು ಪರೀಕ್ಷೆಯಾದ ಸಿದ್ಧ ಬಾಯ್ಲರನ್ನೇ ಕೊಂಡು ಉಳಿದುದನ್ನು ತಾವು ಕಟ್ಟಿದರೆ ಹವ್ಯಾಸಕ್ಕೇನೂ ಕುಂದಿಲ್ಲ.

ದೋಣಿಯ ಮೈ ಅಳೆಯುವುದು ತೂಕದ ಲೆಕ್ಕದಿಂದ. 60 ಸೆಂಟಿಮೀಟರ್ ಉದ್ದ, 15 ಅಗಲ, ನೀರೊಳಗೆ 5 ಮುಳುಗುವ ಪೆಟ್ಟಿಗೆ 4,500 ಘನ ಸೆಂಟಿಮೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ದೋಣಿಯ ಆಕಾರ ಮುಂದೆ ಹಿಂದೆ ಚೂಪಾಗುವುದರಿಂದ ಅದರಲ್ಲಿ ಅರ್ಧ ಹಿಡಿದರೆ ಎರಡೂಕಾಲು ಕಿಲೋ. ಬಾಯ್ಲರು, ನೀರು, ಎಂಜಿನು, ಮರ ಎಲ್ಲ ಅಷ್ಟರೊಳಗಿರಬೇಕು. ಬಾಯ್ಲರು ಆದಷ್ಟು ತಳಕ್ಕೆ ಹತ್ತಿರ ಕೂತರೆ ದೋಣಿ ಮಗುಚುವುದಿಲ್ಲ. ಉಗಿ ಎಂಜಿನು ನಿಧಾನವಾಗಿ, ಬಲವಾಗಿ ತಿರುಗುವುದರಿಂದ 40ರಿಂದ 50 ಮಿಲಿಮೀಟರಿನ ಅಗಲ ರೆಕ್ಕೆಯ ಪಂಖ ಹೊಂದುತ್ತದೆ. ಬ್ಯಾಟರಿ ದೋಣಿಯ ಪುಟ್ಟ ಪಂಖ ಇದಕ್ಕೆ ಸಾಲದು.

ಬೋರ್‌ವೆಲ್ಲಿನ ಗಡಸು ನೀರು ಬಾಯ್ಲರಿನ ಒಳಗೋಡೆಗೆ ಸುಣ್ಣದಂತೆ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ನೀರು ಅಥವಾ ಸೋಸಿದ ಮಳೆನೀರನ್ನು ಮುಕ್ಕಾಲಿಗಿಂತ ಹೆಚ್ಚಾಗದಂತೆ ತುಂಬಬೇಕು. ಉರುವಲಿಗೆ ಹೆಕ್ಸಮಿನ್ ಬಿಲ್ಲೆಗಳು ಹಿತ. ಅವು ಚೆಲ್ಲುವುದಿಲ್ಲ, ಬಿಲ್ಲೆ ಉರಿದು ಮುಗಿಯುವಾಗ ನೀರು ಇನ್ನೂ ಉಳಿದಿರುವಂತೆ ಎಣಿಸಿ ಇಟ್ಟರೆ ಬಾಯ್ಲರು ಬತ್ತುವ ಭಯವೂ ಇಲ್ಲ. ಆದರೆ ಹೊಗೆ ಕುಡಿಯಬಾರದು, ಹಚ್ಚುವುದು ಬಯಲಲ್ಲೇ.

ಮೊದಲ ಓಟ ದನಗಳಿಗೆ ನೀರು ಕುಡಿಸುವ ಹೌದದಲ್ಲಿ, ಹಿಂಬದಿಗೆ ದಾರ ಕಟ್ಟಿ. ಹೌದದಲ್ಲಿ ಪಳಗಿದ ಮೇಲೆ ಬೀದರಿನ ಪಾಪನಾಶ ಕೆರೆಯಂಥ ನಿಂತ ನೀರು. ಕಾರಂಜಾ ಜಲಾಶಯದಂಥ ವಿಸ್ತಾರದಲ್ಲಿ ಗಾಳಿಯ ಅಲೆಯೇ ಪುಟ್ಟ ದೋಣಿಯನ್ನು ಮುಳುಗಿಸೀತು. ಓಟ ಮುಗಿದ ಕೂಡಲೇ ನೀರು ತುಂಬುವ ಬಾಯಿಯ ಮುಚ್ಚಳ ಬಿಚ್ಚಬಾರದು. ಸುರಕ್ಷಾ ವಾಲ್ವನ್ನು ಇಕ್ಕಳದಿಂದ ಎತ್ತಿ, ಉಗಿ ಪೂರ್ತಿ ಹೋದ ಮೇಲೆಯೇ ತಿರುಪು ಸಡಿಲಿಸಬೇಕು. ಸಿಲಿಂಡರಿಗೆ ಎರಡು ಹನಿ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ, ತಾಮ್ರ ಇನ್ನೂ ಬೆಚ್ಚಗಿರುವಾಗಲೇ ಉಳಿದ ನೀರು ಬಸಿದು ಬಾಯಿ ತೆರೆದಿಟ್ಟರೆ, ಆ ಬಿಸಿಗೇ ಒಳಗೋಡೆ ಒಣಗಿಕೊಳ್ಳುತ್ತದೆ.